ಯಲಬುರ್ಗಾದ ಕಂಪ್ಯೂಟರ್ ಇನ್ನೂ ಹಸಿರಾಗಿದೆ

ಇದನ್ನೊಂದು ಪೂರ್ತಿ ಕೇಳಿಬಿಡಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ, ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಒಳಗೆ ಕರೆದು ಕೂರಿಸಿಕೊಳ್ಳಿ, ಅವರೂ ಕೇಳಲಿ. ನಡುವೆ ಮಾತ್ರ ಎದ್ದು ಹೋಗಬೇಡಿ. ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳುವುದಿದೆ.

"ಸ್ವಿಚ್ ಹಾಕ್ರಿ ಅಕ್ಕಾರ," ಎಂದಳು ಹೇಮಾ.

ಶಿವಲೀಲಾ ಹಾಕಲಿಲ್ಲ. ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲನ್ನೇ ನೋಡುತ್ತ ನಿಂತಳು. ಅದು ಗಂಡನ ಟವೆಲು. ಒಗೆದದ್ದೋ ಒಗೆಯದ್ದೋ ನೆನಪಾಗಲಿಲ್ಲ.

ಗಂಡ ಗವಿಸಿದ್ದೇಶ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಬೈಕಿನ ಮೇಲೆ ತಿರುಗಿ, ಮನೆಮನೆಯ ಕಂಪ್ಯೂಟರಿಗೆ ಆ್ಯಂಟಿವೈರಸ್ ಹಾಕಿ, ವರ್ಷಪೂರ್ತಿ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟು ಬದುಕಿದವನು. ಹೋದ ತಿಂಗಳು ನವಲಿಯ ಹತ್ತಿರ ಕಾಲುವೆಯಲ್ಲಿ ಹೆಣವಾಗಿ ಸಿಕ್ಕಿದ. ಮನೆಯವರು ಮಣ್ಣು ಕೊಟ್ಟರು. ಬಂದವರೆಲ್ಲ ಅತ್ತು ಹೋದರು. ಶಿವಲೀಲಾಗೆ ಮಾತ್ರ ಅಳು ಬರಲಿಲ್ಲ. ಎದೆಯೊಳಗೆ ಯಾರೋ ಹತ್ತಿ ತುರುಕಿ ಹೊಲಿಗೆ ಹಾಕಿದ ಹಾಗೆ ಇತ್ತು, ಇವತ್ತಿಗೂ ಹಾಗೇ ಇದೆ.

"ಅಕ್ಕಾರ, ನಾ ಹಾಕ್ಲೇನ್ರಿ?"

"ಬ್ಯಾಡ್ರಿ, ನಾನ ಹಾಕ್ತೀನಿ."

ಹೇಮಾ ಕೊಪ್ಪಳದಿಂದ ಬಂದ ಸಬ್ ಇನ್‌ಸ್ಪೆಕ್ಟರು. ಸಮವಸ್ತ್ರ ಹಾಕಿರಲಿಲ್ಲ. ಚೂಡಿದಾರದಲ್ಲಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ನೀರು ಕೊಟ್ಟರೆ ಕುಡಿದು, ಓಣಿಯ ಯಾರದೋ ಮಗಳ ಹಾಗೆ ಚಾಪೆಯ ಮೇಲೆ ಕೂತಿದ್ದಳು. ಕಣ್ಣು ಮಾತ್ರ ಓಣಿಯ ಹುಡುಗಿಯದಲ್ಲ. ಅವು ಕಂಪ್ಯೂಟರಿನ ತೆರೆ ಬೆಳಗುವುದನ್ನೇ ಕಾಯುತ್ತಿದ್ದವು.

ಶಿವಲೀಲಾ ಟವೆಲು ಸರಿಸಿ ಸ್ವಿಚ್ ಹಾಕಿದಳು. ತೆರೆ ಬೆಳಗಿತು. ಬಲಗಡೆ ಮೂಲೆಯಲ್ಲಿ ಕೆಂಪು ಗುರುತು ಮೂಡಿತು. ಆ್ಯಂಟಿವೈರಸ್ ಹಳತಾಗಿದೆ, ಕೂಡಲೇ ಅಪ್‌ಡೇಟ್ ಮಾಡಿ ಎಂಬ ಎಚ್ಚರಿಕೆ.

ಹೇಮಾ ಉಸಿರು ಬಿಟ್ಟಳು. "ಕೆಂಪು ಐತಿ. ಛಲೋ ಆತು."

"ಕೆಂಪಿದ್ರ ಛಲೋನ ಏನ್ರಿ?"

"ಈ ಮನ್ಯಾಗ ಛಲೋರಿ. ನಿಮ್ಮ ಮನಿಯವರು ಹೇಳಿರಬೇಕಲ್ಲ, ಇದಕ್ಕ ದಿನಾ ಹೊಸಾ ಮಾಹಿತಿ ಬಂದು ಸೇರಬೇಕಂತ?"

ಹೇಳಿದ್ದ. ರೊಟ್ಟಿ ಮುರಿಯುತ್ತ ಹೇಳುತ್ತಿದ್ದ. ವೈರಸ್ ಬರೆಯುವವರು ದಿನಾ ಹೊಸದೊಂದನ್ನು ಬರೆದು ಬಿಡುತ್ತಾರೆ. ಆ್ಯಂಟಿವೈರಸ್ ಕಂಪನಿಯವರು ಅದನ್ನು ಹಿಡಿದು, ಅದರ ಚಹರೆ ಗುರುತಿಟ್ಟುಕೊಂಡು, ನೆಟ್ ಮೂಲಕ ಎಲ್ಲ ಕಂಪ್ಯೂಟರಿಗೂ ಕಳಿಸುತ್ತಾರೆ. ಅದು ಬಂದು ಸೇರಿದರೆ ಹಸಿರು ಗುರುತು. ಸೇರದಿದ್ದರೆ ಕೆಂಪು. "ಮಾಹಿತಿ ಬರಲಿಲ್ಲಂದ್ರ ಇದು ನಿನ್ನಿ ಕಳ್ಳರ ಮುಖಾ ಅಷ್ಟ ಗೊತ್ತಿದ್ದ ವಾಚಮನ್ ಇದ್ದಂಗ," ಎನ್ನುತ್ತಿದ್ದ. "ಹೊಸಾ ಕಳ್ಳ ಬಂದ್ರ ಎದ್ದು ನಿಂತು ಶರಣ್ರಿ ಅಂತೈತಿ ನೋಡು."

ತನ್ನ ಮಾತಿಗೆ ತಾನೇ ನಗುತ್ತಿದ್ದ.

ಅವನ ಕೆಲಸವೆಲ್ಲ ನಡೆದದ್ದು ಇದರ ಮೇಲೆಯೇ. ಈ ಕಡೆಯ ಎಷ್ಟೋ ಮನೆಗಳಲ್ಲಿ ಫೋನಿಗೆ ನೆಟ್ ಇದೆ, ಕಂಪ್ಯೂಟರಿಗೆ ಇಲ್ಲ. ಮಕ್ಕಳ ಓದಿಗೆ, ಒಂದಿಷ್ಟು ಟೈಪಿಂಗಿಗೆ, ಮದುವೆಯ ಫೋಟೋ ಇಡಲಿಕ್ಕೆ ಎಂದು ತಂದದ್ದು. ಆ ಮನೆಗಳಿಗೆ ಗವಿಸಿದ್ದೇಶನ ಫೋನಿನ ಹಾಟ್‌ಸ್ಪಾಟೇ ನೆಟ್. ಮೊದಲ ಸಲ ಹೋದಾಗ ಪಾಸ್‌ವರ್ಡ್ ತಾನೇ ಬೆನ್ನು ಅಡ್ಡ ಮಾಡಿಕೊಂಡು ಒತ್ತುತ್ತಿದ್ದ. ಆಮೇಲೆ ಅವನ ಫೋನು ಹತ್ತಿರ ಸುಳಿದರೆ ಸಾಕು, ಹಚ್ಚಿಟ್ಟ ಕಂಪ್ಯೂಟರು ತಾನಾಗಿಯೇ ಹಿಡಿದುಕೊಂಡು, ಬೇಕಾದ್ದನ್ನು ಎಳೆದುಕೊಂಡು, ಹಸಿರಾಗುತ್ತಿತ್ತು. ಯಾರೂ ಏನೂ ಒತ್ತಬೇಕಿರಲಿಲ್ಲ. ಎಷ್ಟೋ ಮನೆಯ ಮುಂದೆ ಅವನು ಬೈಕಿನಿಂದ ಇಳಿಯುತ್ತಲೂ ಇರಲಿಲ್ಲ. ಚಹಾ ಚೆನ್ನಾಗಿ ಮಾಡುವ ಮನೆಗಳಿದ್ದರೆ ಮಾತ್ರ ಇಳಿಯುತ್ತಿದ್ದ.

ಆ ಹಾಟ್‌ಸ್ಪಾಟಿಗೆ ಅವನಿಟ್ಟ ಹೆಸರು ಶಿವಲೀಲಾ.

"ಊರೂರ ಮಂದಿ ಕಂಪ್ಯೂಟರಿನ್ಯಾಗ ನನ್ನ ಹೆಸರ್ಯಾಕ್ರಿ, ನಾಚಿಕಿ ಬರಂಗಿಲ್ಲೇನು?" ಎಂದು ಜಗಳ ತೆಗೆದಿದ್ದಳು.

"ನೆಟ್ ಬರಲಿಲ್ಲಂದ್ರ ಮಂದಿ ಹೆಸರು ಹಿಡದು ಬೈತಾರ ಮಾರಾಯ್ತಿ. ನನ್ನ ಹೆಸರಿಟ್ಟು ನಾನ್ಯಾಕ ಬೈಸ್ಕೊಳ್ಳಿ?" ಎಂದಿದ್ದ.

ಆವತ್ತು ಅವಳಿಗೆ ನಗು ಬಂದಿತ್ತು. ಈಗ ಅದು ಯಾರೋ ಹೇಳಿದ ಬೇರೆಯವರ ಮನೆಯ ಮಾತಿನ ಹಾಗೆ ಕೇಳಿಸಿತು.

ಹೇಮಾ ಚಾಪೆಯಿಂದ ಎದ್ದು ಕುರ್ಚಿ ಎಳೆದುಕೊಂಡಳು. "ಯಲಬುರ್ಗಾದ ಅಬೇದಾಬಿ ಗೊತ್ತೇನ್ರಿ ನಿಮಗ?"

"ಹೆಸರು ಕೇಳೀನಿ. ಅವರ ಮನಿ ಚಾ ಭಾಳ ಛಲೋ ಅಂತಿದ್ರು."

"ಖರೇನ ಛಲೋ ಐತ್ರಿ, ನಾನೂ ಕುಡದೆ. ನಿಮ್ಮ ಮನಿಯವರ ಗಿರಾಕಿಗೋಳ್ನ ಒಬ್ಬೊಬ್ಬರನ್ನ ಮಾತಾಡಸ್ಕೋತ ಹೊಂಟಿದ್ದೆ. ಯಾರಿಗರ ಅವರ ಮ್ಯಾಲ ಸಿಟ್ಟಿತ್ತೇನು, ಜಗಳ ಇತ್ತೇನು ಅಂತ. ಆಯಮ್ಮ ಕಣ್ಣೀರು ಒರಸ್ಕೊಂಡು ಏನಂದ್ಲು ಗೊತ್ತೇನು? 'ಭಾಳ ನಿಯತ್ತಿನ ಮನಷ್ಯಾ ಬೇಟಿ. ಸತ್ತ ಮ್ಯಾಲೂ ಮಾತು ಉಳಸ್ಕೊಂಡಾನ. ನಮ್ಮ ಕಂಪ್ಯೂಟರ್ ಇನ್ನೂ ಹಸರ ಐತಿ.'"

ಶಿವಲೀಲಾ ಟವೆಲು ಮಡಚತೊಡಗಿದಳು.

"ನಾ ನಕ್ಕೆ. ಆಮ್ಯಾಲ ಎದ್ದು ನೋಡಿದೆ. ಹಸರ ಇತ್ತು. ಕೊನೀ ಅಪ್‌ಡೇಟ್ ಆದದ್ದು ಈ ವಾರ. ಯಾವ ನೆಟ್ಟಿನ ಮ್ಯಾಲ ಆಗೇತಿ ಅಂತ ನೋಡಿದ್ರ," ಹೇಮಾ ತೆರೆಯ ಕಡೆ ಬೆರಳು ತೋರಿಸಿದಳು, "ನಿಮ್ಮ ಹೆಸರು."

ಹೊರಗೆ ಭತ್ತದ ಲಾರಿಯೊಂದು ಗೇರ್ ಬದಲಿಸಿ ಹೋಯಿತು. ಕಿಟಕಿಯ ಗಾಜು ನಡುಗಿ ನಿಂತಿತು.

"ಯಾರರ ಅವರ ಫೋನ್ ಕದ್ದಿರಬೇಕ್ರಿ," ಎಂದಳು ಶಿವಲೀಲಾ. ತನ್ನ ಧ್ವನಿ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು.

"ನಾನೂ ಅದನ್ನ ಅಂದ್ಕೊಂಡೆ. ಆದ್ರ ಆ ಸಿಮ್ ಅವತ್ತು ಬಂದ್ ಆದದ್ದು ಮತ್ತ ಚಾಲೂನ ಆಗಿಲ್ಲ. ಫೋನೂ ಹಂಗ. ಕಂಪ್ಯೂಟರಿಗೆ ಸಿಮ್ ಯಾರದು, ಫೋನ್ ಯಾರದು, ಒಂದೂ ಬೇಕಾಗಿಲ್ಲ ಅಕ್ಕಾರ. ಹೆಸರು ಅದ, ಪಾಸ್‌ವರ್ಡ್ ಅದ ಇದ್ರ ಮುಗೀತು. ಹೊಸಾ ಫೋನಿಗೆ ಹಳೇ ಹೆಸರು, ಹಳೇ ಪಾಸ್‌ವರ್ಡ್ ಇಟ್ಟು ಮನಿ ಮುಂದ ಹಾಯ್ದ್ರ, ಬಂದೇನೋ ಗೆಳ್ಯಾ ಅಂತ ಅಪ್ಕೊಳ್ತೈತಿ. ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತಿತ್ತು?"

"ನನಗೂ ಹೇಳಿಲ್ರಿ."

"ಖರೇ?"

"ಕೇಳಿದ್ರ, ಹೆಸರ ನಿಂದು ಕೊಟ್ಟೀನಿ, ಪಾಸ್‌ವರ್ಡ್ ಅಷ್ಟರ ನನ್ನ ಹತ್ರ ಇರಲಿ ಅಂತಿದ್ರು."

ಹೇಮಾ ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ಕುಷ್ಟಗ್ಯಾಗ ನೇತ್ರಾವತಿ ಟೀಚರ್ ಅಂತ. ಅವರ ಮನಿದೂ ಹಸರ. ಅವರು ಸಾಲಿಯಿಂದ ಬಂದು ಚಾ ಕುಡದ ಮ್ಯಾಲ ಅಷ್ಟ ಕಂಪ್ಯೂಟರ್ ಹಚ್ಚತಾರ. ಯಲಬುರ್ಗಾದಾಗ ಅಬೇದಾಬಿ ಮೊಮ್ಮಗಳು ಉಜ್ಮಾ ಮುಂಜಾನಿ ಅಷ್ಟ ಹಚ್ಚತಾಳ. ಎರಡೂ ಮನ್ಯಾಗ ಅಪ್‌ಡೇಟ್ ಆದದ್ದು ಸರಿಯಾಗಿ ಆ ಹೊತ್ತಿಗೇನ. ಯಾವ ಮನ್ಯಾಗ ಯಾವಾಗ ಹಚ್ಚತಾರಂತ ಗೊತ್ತಿದ್ದಾವನ ಬಂದಾನ. ಕೊಪ್ಪಳದಾಗ ಗಾಳೇಶ ಅನ್ನಾವರ ಮನಿ ಓಣಿ ಒಳಗೈತಿ. ಅದು ಕೆಂಪು. ರಸ್ತೆ ಮ್ಯಾಲಿನ ಮನಿಗೋಳು ಹಸರು, ಓಣಿ ಒಳಗಿನವು ಕೆಂಪು. ಯಾಕ ಹೇಳ್ರಿ?"

ಉತ್ತರಕ್ಕೆ ಕಾಯದೆ ಹೇಮಾನೇ ಹೇಳಿದಳು.

"ಓಣಿಯಾಗ ಬೈಕ್ ನಿಲ್ಲಿಸಿದ್ರ ಮಂದಿ ಮುಖಾ ನೋಡ್ತಾರ. ರಸ್ತೆದಾಗ ಹೆಲ್ಮೆಟ್ ಹಾಕ್ಕೊಂಡು ನಿಂತಾವನ್ನ ಯಾರು ನೋಡ್ತಾರ? ಕಳ್ಳ ಇಂಥಾ ಕೆಲಸ ಮಾಡಂಗಿಲ್ರಿ. ಕೊಂದಾವನೂ ಮಾಡಂಗಿಲ್ಲ. ಅವರಿಗೇನಾಗಬೇಕಾಗೇತಿ, ಅಬೇದಾಬಿ ಕಂಪ್ಯೂಟರಿಗೆ ವೈರಸ್ ಹೊಕ್ಕರ? ಇದು ವರ್ಷಪೂರ್ತಿ ನೋಡ್ಕೋತೀನಿ ಅಂತ ಮಾತು ಕೊಟ್ಟಾವ ಮಾಡು ಕೆಲಸ."

ಮಾತು ಕೊಟ್ಟವನು ಗವಿಸಿದ್ದೇಶ.

ಇಂಥ ಹೊತ್ತಿನಲ್ಲಿ ಹೆಂಗಸು ಏನು ಮಾಡಬೇಕು? ಕೂಗಬೇಕು, ಕುಸಿಯಬೇಕು, ಗೋಡೆ ಹಿಡಿಯಬೇಕು. ಶಿವಲೀಲಾ ತನ್ನೊಳಗೆ ಹುಡುಕಿ ನೋಡಿದಳು. ಸಂತೋಷ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಳೆ ತೆಗೆದ ಕೈ ಹಗುರಾಗಿ ಪಕ್ಕಕ್ಕೆ ಜೋತು ಬಿದ್ದಿತ್ತು, ಅದು ಅವಳದ್ದೇ ಎಂದು ಅನಿಸಲೂ ಇಲ್ಲ.

"ಏನ್ ಹುಡುಕಾಕತ್ತೀರಿ ಮೇಡಂ, ವೈರಸ್ಸೇನು?"

ಬಾಗಿಲಲ್ಲಿ ಕರಿಬಸಪ್ಪ ನಿಂತಿದ್ದ. ಗವಿಸಿದ್ದೇಶನ ಅಣ್ಣ. ಗೊಬ್ಬರದ ಅಂಗಡಿಯಿಂದ ನೇರವಾಗಿ ಬಂದಿದ್ದ, ಅಂಗಿಯ ತುಂಬ ಯೂರಿಯಾದ ವಾಸನೆ. ಶಿವಲೀಲಾ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ಸರಿದಳು.

"ಬರ್ರಿ ಯಜಮಾನ್ರ, ನಿಮ್ಮನ್ನ ಕಾಯಾಕತ್ತಿದ್ದೆ," ಎಂದಳು ಹೇಮಾ.

"ನನ್ನ ಕಾಯೂದು ಯಾಕ್ರಿ? ಹೇಳೂದೆಲ್ಲ ಹೇಳೀನಿ, ಸಹಿ ಹಾಕೀನಿ. ಸತ್ತಾವನ್ನ ಎಷ್ಟು ಸಲಾ ಎಬ್ಬಸ್ತೀರಿ?"

"ಒಂದ ಸಲ. ಹೆಣಾ ಗುರ್ತಿಸಿದಾವ್ರು ನೀವ ಅಲ್ರಿ?"

"ನಾನ."

"ಮುಖಾ ನೋಡಿ?"

"ಮುಖಾ ಎಲ್ಲಿತ್ರಿ? ಕಾಲುವಿ ಗೇಟಿಗೆ ಬಡದು ಬಡದು..." ಅವನು ತಮ್ಮನ ಹೆಂಡತಿಯ ಕಡೆ ನೋಡಿ ಮಾತು ನುಂಗಿದ.

"ಮತ್ತ ಹ್ಯಾಂಗ ಗುರ್ತಿಸಿದ್ರಿ?"

"ಅಂಗಿ ಅವಂದು. ಕೊಳ್ಳಾಗ ಕರಡಿಗಿ ಇತ್ತು, ಬೆಳ್ಳೀದು. ನಮ್ಮಪ್ಪ ನಮ್ಮಿಬ್ಬರಿಗೂ ಒಂದ ಸಲ ಮಾಡಿಸಿದ್ದು. ಅದರಾಗ ಅವನ ಲಿಂಗ ಇತ್ತು. ಜಳಕಾ ಮಾಡುವಾಗೂ ಅದನ್ನ ತಗೀತಿದ್ದಿಲ್ಲ ಅಂವಾ. ಅದಕ್ಕಿಂತ ಹೆಚ್ಚಿನ ಗುರ್ತು ಏನ್ ಬೇಕ್ರಿ?"

"ಕರಡಿಗಿ ಗುರ್ತಿಸಿದ್ರಿ. ಮನಷ್ಯಾನ್ನ ಗುರ್ತಿಸಲಿಲ್ಲ."

"ಮೇಡಂ, ಮಾತು ನೋಡಿ ಆಡ್ರಿ. ಅವನ ಲಿಂಗ ಅವನ ಅಂಗೈಯಾಗಿಟ್ಟ ಮಣ್ಣು ಕೊಟ್ಟೀನಿ. ಈ ಕೈಲೆ."

"ಯಾರ ಅಂಗೈಯಾಗಿಟ್ರಿ ಅಂತ ನಾ ಕೇಳಾಕತ್ತೀನಿ."

ಕರಿಬಸಪ್ಪನ ದವಡೆ ಒಮ್ಮೆ ಅಲುಗಿತು. ಕೋಪವೋ ಹೆದರಿಕೆಯೋ, ಶಿವಲೀಲಾಗೆ ತಿಳಿಯಲಿಲ್ಲ. ಹೆಣ ಸಿಕ್ಕ ದಿನ ಲಗೂ ಲಗೂ ಎಂದು ಎಲ್ಲರನ್ನೂ ಅವಸರ ಮಾಡಿದವನು ಇವನೇ. ನೀರಿನಲ್ಲಿದ್ದ ಹೆಣ, ಇಟ್ಟುಕೊಳ್ಳಲಿಕ್ಕಾಗುವುದಿಲ್ಲ ಎಂದಿದ್ದ. ಆ ಮಾತು ಆವತ್ತು ಎಲ್ಲರಿಗೂ ಸರಿ ಅನಿಸಿತ್ತು. ಇವತ್ತೂ ಅದು ಸರಿಯೇ ಇರಬಹುದು.

"ಸಮಾಧಿ ತಗಸಬೇಕಾಗತೈತಿ," ಎಂದಳು ಹೇಮಾ. "ಮ್ಯಾಲಿನವರಿಗೆ ಬರದು ಕೇಳ್ತೀನಿ. ಹೆಂಡ್ತಿ ಒಪ್ಪಿ ಹೇಳಿಕಿ ಕೊಟ್ರ ಲಗೂನ ಆಗತೈತಿ. ಇಲ್ಲಂದ್ರ ತಡಾ ಆಗತೈತಿ, ಇಲ್ಲಾ ಆಗೂದ ಇಲ್ಲ."

"ಆಕಿ ಒಪ್ಪಂಗಿಲ್ಲ. ಲಿಂಗೈಕ್ಯ ಆದಾವನ್ನ ಕೆದರಿ ತಗಿಯೂದು ನಮ್ಮಾಗಿಲ್ಲ. ಅದು ನಮ್ಮ ಮನಿ ಮಣ್ಣು."

ಹೇಮಾ ಫೋನು ತೆಗೆದು ಒಂದು ಫೋಟೋ ತೋರಿಸಿದಳು. ಮೊದಲು ಅವನಿಗೆ, ಆಮೇಲೆ ಶಿವಲೀಲಾಗೆ. ಬೆಟ್ಟದ ಕೆಳಗೆ ಯಾತ್ರಿಕರ ಕಾರುಗಳ ನಡುವೆ ನಿಂತ ಒಬ್ಬ ಯುವಕ. ಗವಿಸಿದ್ದೇಶನಷ್ಟೇ ಎತ್ತರ, ಅದೇ ಭುಜ. ಮುಖ ಮಾತ್ರ ಬೇರೆ, ನಗುಮುಖ.

"ಹನುಮನಹಳ್ಳಿ ಮಾರೆಪ್ಪ. ಬಂದಾವರ ಗಾಡಿ ನಿಲ್ಲಸಾಕ ಜಾಗಾ ತೋರಸ್ತಿದ್ದ, ಬ್ಯಾಗ್ ಹೊರತಿದ್ದ. ನಿಮ್ಮ ತಮ್ಮ ಕಾಲುವ್ಯಾಗ ಸಿಕ್ಕ ವಾರನ ಮನಿಬಿಟ್ಟು ಹೋದಾವ ತಿರುಗಿ ಬಂದಿಲ್ಲ. ಅವರವ್ವ ಕರಿಯವ್ವ ದಿನಾ ನಮ್ಮ ಠಾಣಿ ಮುಂದ ಬಂದು ಕುಂದರ್ತಾಳ. ಏನೂ ಕೇಳಂಗಿಲ್ಲ. ಮಗಾ ಸಿಕ್ಕರ ಹಸದಿರ್ತಾನ ಅಂತ ರೊಟ್ಟಿ ಕಟ್ಕೊಂಡು ಬಂದಿರ್ತಾಳ. ಸಂಜಿಕಿ ಅವನ್ನ ಹೊತ್ಕೊಂಡು ಹೋಗ್ತಾಳ." ಹೇಮಾ ಫೋನು ಆರಿಸಿದಳು. "ನಿಮ್ಮ ಮನಿ ಮಣ್ಣಾಗ ಯಾರ ಮಗಾ ಅದಾನಂತ ನನಗೂ ಗೊತ್ತಿಲ್ರಿ ಯಜಮಾನ್ರ. ಆಯಮ್ಮಗ ಒಂದು ಉತ್ರಾ ಕೊಡಬೇಕಾಗೇತಿ."

ಕರಿಬಸಪ್ಪ ಬಾಗಿಲ ಕಡೆ ತಿರುಗಿದ.

"ಈ ಮಾರೆಪ್ಪನ್ನ ನೋಡೀರೇನು?"

"ಇಲ್ಲ." ಬಹಳ ಬೇಗ ಬಂತು ಉತ್ತರ.

"ಹಿಂದ ಬರ್ರಿ ಸ್ವಲ್ಪ, ಹಿತ್ತಲದಾಗ ಮಾತಾಡೂಣು. ಲಾರಿ ಗದ್ಲಕ್ಕ ಇಲ್ಲಿ ಏನೂ ಕೇಳಂಗಿಲ್ಲ." ಹೇಮಾ ಎದ್ದಳು. "ಅಕ್ಕಾರ, ನೀವು ವಿಚಾರ ಮಾಡ್ರಿ. ಯಾರ ಮಾತೂ ಕೇಳಬ್ಯಾಡ್ರಿ, ನಂದೂ ಕೇಳಬ್ಯಾಡ್ರಿ. ಕೆಂಪಿದ್ರ ಇಲ್ಲಿ ಯಾರೂ ಬಂದಿಲ್ಲಂತ ಸಾಕ್ಷಿ. ಅದು ಹಂಗ ಉಳೀಲಿ, ನಾ ಬರೂದ್ರಾಗ ಇದನ್ನ ಆರಿಸಿಬಿಡ್ರಿ."

ಇಬ್ಬರೂ ಅಡುಗೆಮನೆ ಹಾದು ಹಿಂದಕ್ಕೆ ಹೋದರು. ಹಿತ್ತಲ ಬಾಗಿಲು ತೆರೆದು ಮುಚ್ಚಿತು.

ಶಿವಲೀಲಾ ಕುರ್ಚಿಯಲ್ಲಿ ಕೂತಳು. ಹೂಂ ಎಂದರೆ ಮಣ್ಣು ತೆಗೆಯುತ್ತಾರೆ. ಒಳಗಿರುವವನು ಗಂಡನೇ ಆದರೆ ಅವಳು ವಿಧವೆ, ಎರಡನೆಯ ಸಲ. ಅಲ್ಲವಾದರೆ ಗಂಡ ಬದುಕಿದ್ದಾನೆ, ಮತ್ತು ಯಾರೋ ಒಬ್ಬನಿಗೆ ತನ್ನ ಅಂಗಿ ತೊಡಿಸಿ, ತನ್ನ ಲಿಂಗ ಕಟ್ಟಿ ನೀರಿಗೆ ಬಿಟ್ಟಿದ್ದಾನೆ. ಊಹೂಂ ಎಂದರೆ ಎಲ್ಲ ಇದ್ದ ಹಾಗೇ ಇರುತ್ತದೆ. ಇದ್ದ ಹಾಗೇ ಇರುವುದು ಅವಳಿಗೆ ಈಗ ರೂಢಿಯಾಗಿತ್ತು.

ಆರಿಸಲು ಮೌಸಿನ ಮೇಲೆ ಕೈಯಿಟ್ಟಳು.

ತೆರೆಯ ಮೂಲೆಯಲ್ಲಿ ನೆಟ್ಟಿನ ಗುರುತು ಮಿಣುಕಿತು. ಮಿಣುಕಿ, ನಿಂತಿತು. ಕೆಳಗೆ ಒಂದು ಚಿಕ್ಕ ಚೌಕ ತೆರೆದುಕೊಂಡಿತು.

'ಶಿವಲೀಲಾ. ಸಂಪರ್ಕವಾಗಿದೆ.'

ಆಮೇಲೆ ಇನ್ನೊಂದು ಚೌಕ. ಅಪ್‌ಡೇಟ್ ಬರುತ್ತಿದೆ. ಅದರೊಳಗೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು.

ಕಿಟಕಿ ಎರಡು ಹೆಜ್ಜೆ ದೂರದಲ್ಲಿತ್ತು. ಪರದೆ ಸರಿಸಿದರೆ ರಸ್ತೆ. ರಸ್ತೆಯಲ್ಲಿ ಯಾವುದೋ ಬೈಕು ಎಂಜಿನ್ ಆರಿಸದೆ ನಿಂತಿರುವ ಸದ್ದು. ಅವಳು ಏಳಲಿಲ್ಲ. ತನ್ನ ಹೆಸರನ್ನೇ ಓದುತ್ತ ಕೂತಳು.

"ಬಂದಾನೇನು?"

ಹಿಂದೆ ಅತ್ತೆ ಪಂಪಾವತಿ ನಿಂತಿದ್ದಳು. ಕೈಯಲ್ಲಿ ಪೊಲೀಸರಿಗೆಂದು ತಂದ ಚಹಾದ ತಟ್ಟೆ. ಓದು ಬರದ ಮುದುಕಿ, ಕಿಟಕಿಯ ಕಡೆ ನೋಡಲೇ ಇಲ್ಲ. ತೆರೆಯ ಮೇಲೆ ಓಡುವ ಆ ಹಸಿರು ಗೆರೆಯನ್ನೇ ನೋಡುತ್ತಿದ್ದಳು. ಮಗ ದಿನವೂ ಮನೆಗೆ ಬರುವಾಗ, ಅವನು ಬೈಕಿನಿಂದ ಇಳಿದು ಚಪ್ಪಲಿ ಬಿಡುವ ಮೊದಲೇ ಆ ಗೆರೆ ಓಡಲು ಶುರುವಾಗುತ್ತಿತ್ತು. ಅದನ್ನು ಕಂಡೇ ಮುದುಕಿ ತಾಟು ಹಾಕುತ್ತಿದ್ದಳು.

"ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಹಡದಾಕಿಗೆ ಗೊತ್ತಿರದ ಇರ್ತೈತೇನವಾ? ಹೊತ್ತು ಇಳಿಯೂದ್ರಾಗ ಬಂದು ರಸ್ತೆದಾಗ ನಿಂದರ್ತಾನ. ನಾ ಕಿಡಕ್ಯಾಗ ನಿಂದರ್ತೀನಿ. ಮುಖಾ ನೋಡ್ಕೊಂಡು ಹೋಗ್ತಾನ. ನೀ ಇದನ್ನ ಹಚ್ಚಿದ್ದ ಇವತ್ತು, ಅದಕ್ಕ ನಿನಗ ತಿಳೀತು."

"ನನಗ ಯಾಕ ಹೇಳಲಿಲ್ರಿ?"

ಪಂಪಾವತಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಲೋಟಗಳು ಸದ್ದು ಮಾಡಲಿಲ್ಲ.

"ನಿನಗ ಹೇಳಬ್ಯಾಡ ಅಂದ. ನೀ ಎದಿ ಬಡ್ಕೊಂಡು ಅತ್ರ ಮಂದಿ ನಂಬತಾರ ಅಂದ." ಮುದುಕಿ ಸೊಸೆಯ ಮುಖ ನೋಡಿದಳು. "ನೀ ಅಳಲೂ ಇಲ್ಲ."

ಹಸಿರು ಗೆರೆ ಅರ್ಧ ದಾಟಿತ್ತು.

"ಮಾರೆಪ್ಪ ಯಾರು, ಅತ್ತಿ?"

"ಕೇಳಬ್ಯಾಡ. ಆರಿಸಿಬಿಡು. ಆಕಿ ಬರೂದ್ರಾಗ ಆರಿಸಿಬಿಡು ನನ್ನವ್ವಾ."

ಅಡುಗೆಮನೆಯ ಆಚೆ ಚಿಲಕದ ಸದ್ದಾಯಿತು. ಹೇಮಾಳ ಬರಿಗಾಲಿನ ಹೆಜ್ಜೆ ಇತ್ತ ಬರುತ್ತಿತ್ತು. ರಸ್ತೆಯಲ್ಲಿ ಬೈಕು ಇನ್ನೂ ನಿಂತೇ ಇತ್ತು. ಗೆರೆ ಪೂರ್ತಿಯಾಗುವವರೆಗೆ ಅವನು ಹೋಗುವುದಿಲ್ಲ ಎಂದು ಶಿವಲೀಲಾಗೆ ಗೊತ್ತಿತ್ತು, ಅರ್ಧಕ್ಕೆ ಬಿಟ್ಟು ಹೋಗುವ ಜಾತಿಯವನಲ್ಲ ಅವನು. ಗೋಡೆಯ ಸ್ವಿಚ್ಚು ಎಡಗೈಗೆ ಸಿಗುವಷ್ಟು ಹತ್ತಿರವಿತ್ತು. ಕಿಟಕಿಯ ಪರದೆ ಬಲಗೈಗೆ. ಒಂದು ಕೈ ಎತ್ತಿದರೆ ಗಂಡ ಸತ್ತವನಾಗಿಯೇ ಉಳಿಯುತ್ತಾನೆ, ಕರಿಯವ್ವ ಠಾಣೆಯ ಮುಂದೆ ರೊಟ್ಟಿ ಕಟ್ಟಿಕೊಂಡು ಕೂತೇ ಇರುತ್ತಾಳೆ. ಇನ್ನೊಂದು ಕೈ ಎತ್ತಿದರೆ ಕರಿಯವ್ವನಿಗೆ ಉತ್ತರ ಸಿಗುತ್ತದೆ, ಈ ಮುದುಕಿ ಮಗನನ್ನು ಕಳೆದುಕೊಳ್ಳುತ್ತಾಳೆ.

"ಇನ್ನೂ ಆರಿಸಿಲ್ಲೇನ್ರಿ ಅಕ್ಕಾರ?" ಎನ್ನುತ್ತ ಹೇಮಾ ಬಾಗಿಲಿಗೆ ಬಂದಳು.

ನೀವೇ ಹೇಳಿ. ಆ ಕುರ್ಚಿಯಲ್ಲಿ ನೀವು ಕೂತಿದ್ದರೆ, ಯಾವ ಕೈ ಎತ್ತುತ್ತಿದ್ದಿರಿ?